ಕೆಳಸ್ವರಕ್ಕೆ ಗುಳುಗುಟ್ಟುವ ಸ್ಯಾಕ್ಸೋಫೋನ್: ಗಾಳಿ ಸೋರುವ ಜಾಗವನ್ನು ಹುಡುಕುವ ಬಗೆ

ತುಳುನಾಡಿನಲ್ಲಿ ಜಾತ್ರೆಗಳ ಕಾಲ ಮುಗಿಯುವ ದಿನವಾದ ಪತ್ತನಾಜೆ ಕಳೆದ ಮರುದಿನದಿಂದಲೇ ನಮ್ಮ ದುರಸ್ತಿ ಮೇಜಿಗೆ ಸ್ಯಾಕ್ಸೋಫೋನ್‌ಗಳು ಬರತೊಡಗುತ್ತವೆ. ಮೇ ಕೊನೆಯ ವಾರಕ್ಕೆ ಕರಾವಳಿಯ ಜಾತ್ರೆ, ಕೋಲ, ನೇಮಗಳು ಮುಗಿದಿರುತ್ತವೆ. ದೀಪಾವಳಿಯವರೆಗೆ ವಾದ್ಯದವರಿಗೆ ಒಂದಿಷ್ಟು ಬಿಡುವು. ಅಷ್ಟು ತಿಂಗಳು ರಾತ್ರಿಯಿಡೀ ಮಂಜಿನಲ್ಲಿ, ಧೂಳಿನಲ್ಲಿ, ದೀವಟಿಗೆಯ ಹೊಗೆಯಲ್ಲಿ ನುಡಿದ ವಾದ್ಯವನ್ನು ಆಗ ಬಿಚ್ಚಿ ನೋಡಲು ತರುತ್ತಾರೆ. ಹೆಚ್ಚಿನವರು ಹೇಳುವ ದೂರು ಒಂದೇ: "ಮೇಲೆ ಹೇಗೆ ಬೇಕಾದರೂ ನುಡಿಯುತ್ತದೆ ಮಾರಾಯರೇ. ಕೆಳಗೆ ಇಳಿದರೆ ಮಾತ್ರ ನೀರು ಕುದಿದ ಹಾಗೆ ಗುಳುಗುಳು ಎನ್ನುತ್ತದೆ. ಜೋರಾಗಿ ಊದಿದರೆ ಸ್ವರವೇ ಮೇಲಕ್ಕೆ ಹಾರುತ್ತದೆ."

ಈ ಕೆಲಸಕ್ಕೆ ಸೇರಿ ನನಗಿದು ಎರಡನೆಯ ಮಳೆಗಾಲ. ಅಮೆರಿಕದ ಮಿನ್ನೆಸೋಟ ರಾಜ್ಯದ ರೆಡ್ ವಿಂಗ್ ಎಂಬ ಊರಿನ ಕಾಲೇಜಿನಲ್ಲಿ ಬ್ಯಾಂಡ್ ವಾದ್ಯಗಳ ದುರಸ್ತಿಯನ್ನೇ ಕೋರ್ಸ್ ಆಗಿ ಕಲಿಸುತ್ತಾರೆ. ನಾನು ಕಲಿಯುತ್ತಿರುವುದು ಗುರುಗಳ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಂದ ವಾದ್ಯವನ್ನೇ ಪಾಠವಾಗಿ ಓದುತ್ತ. ಹಾಗಾಗಿ ಒಂದೊಂದು ದೋಷವನ್ನೂ ಹುಡುಕಿದ ಬಗೆಯನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ನನ್ನ ಹಾಗೆ ಹೊಸದಾಗಿ ಸ್ಕ್ರೂಡ್ರೈವರ್ ಹಿಡಿದವರಿಗೂ, ಅಂಗಡಿ ದೂರವಿರುವ ಊರಿನ ವಾದಕರಿಗೂ ಉಪಯೋಗವಾಗಲಿ ಎಂದು ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಮಾತೆಲ್ಲ ಆಲ್ಟೊ ಸ್ಯಾಕ್ಸೋಫೋನಿನದು, ನಮ್ಮ ಕಡೆ ಕಾಣುವುದು ಬಹುಮಟ್ಟಿಗೆ ಅದೇ. ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ನಾಗಸ್ವರದ ಮನೆತನದಿಂದ ಬಂದ ಸಂಗೀತವನ್ನು ಅದರಲ್ಲಿ ನುಡಿಸಿ ತೋರಿಸಿದ ಮೇಲೆ ಕರಾವಳಿಯ ದೇವಸ್ಥಾನಗಳಲ್ಲೂ ಮದುವೆ ಮನೆಗಳಲ್ಲೂ ಈ ಹಿತ್ತಾಳೆಯ ವಾದ್ಯ ನಮ್ಮದೇ ಆಗಿಬಿಟ್ಟಿದೆ.

ಕೆಳಗೆ ಕೇಳಿಸುವ ರೋಗ, ಮೇಲೆ ಇರುವ ತೂತು

ವಾದ್ಯದ ಅತಿ ಕೆಳಗಿನ ಸ್ವರವಾದ ಬಿ-ಫ್ಲ್ಯಾಟ್ ಬರುತ್ತಿಲ್ಲ ಎಂದರೆ ಕೈ ತಾನಾಗಿಯೇ ಬೆಲ್ (ವಾದ್ಯದ ಅರಳಿದ ತುದಿ) ಮೇಲಿರುವ ಆ ದೊಡ್ಡ ಪ್ಯಾಡಿನ, ಅಂದರೆ ತೂತು ಮುಚ್ಚುವ ಚರ್ಮದ ಮೆತ್ತೆಯ, ಕಡೆಗೆ ಹೋಗುತ್ತದೆ. ನಾನೂ ಹಾಗೆಯೇ ಹೋದೆ. ಮೊದಲ ವರ್ಷ, ವಿಟ್ಲದ ಕಡೆಯ ವಾದಕರೊಬ್ಬರ ವಾದ್ಯದ ಆ ಪ್ಯಾಡನ್ನು ತೆಗೆದು, ಹೊಸದನ್ನು ಅರಗಿನಲ್ಲಿ ಕೂರಿಸಿ, ಸುತ್ತ ಸಮ ಮಾಡುವಷ್ಟರಲ್ಲಿ ಇಡೀ ದಿನ ಹೋಯಿತು. ಸಂಜೆ ಊದಿದರೆ ಅದೇ ಗುಳುಗುಳು, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಗುರುಗಳು ವಾದ್ಯವನ್ನು ಕೈಗೆ ತೆಗೆದುಕೊಂಡು ಕೆಳಗಿನ ಡಿ ಸ್ವರ ಹಿಡಿದರು. ಹಿಡಿದ ಹಾಗೆಯೇ ಎಡಗೈ ಕಿರುಬೆರಳಿನಿಂದ ಜಿ-ಶಾರ್ಪ್ ಕೀ ಒತ್ತಿದರು. ಸ್ವರ ಮುರಿದು ಬಿತ್ತು. "ಕೆಳಗಿನದ್ದನ್ನು ಯಾಕೆ ಕಿತ್ತೆ ಮಾರಾಯ, ಮೇಲೆ ಬಾಗಿಲು ತೆರೆದುಕೊಂಡಿದೆಯಲ್ಲ" ಎಂದು ವಾದ್ಯವನ್ನು ನನ್ನ ಮುಂದೆ ಇಟ್ಟರು. ಒಂದು ಸಣ್ಣ ತಿರುಪನ್ನು ಕಾಲು ಸುತ್ತು ತಿರುಗಿಸಿದ್ದಕ್ಕೆ ಬಿ-ಫ್ಲ್ಯಾಟ್ ದೇವಸ್ಥಾನದ ಗಂಟೆಯ ಹಾಗೆ ಬಂತು.

ಹೀಗಾಗುವುದಕ್ಕೆ ಕಾರಣ ವಾದ್ಯದ ರಚನೆಯಲ್ಲೇ ಇದೆ. ಸ್ಯಾಕ್ಸೋಫೋನ್ ಎಂದರೆ ಬಾಯಿಯ ಕಡೆ ಕಿರಿದು, ಬೆಲ್ ಕಡೆ ಅಗಲವಾಗುತ್ತ ಹೋಗುವ ಒಂದು ಕೊಳವೆ. ಅದರ ಗೋಡೆಯ ತುಂಬ ತೂತುಗಳು, ತೂತುಗಳಿಗೆಲ್ಲ ಚರ್ಮದ ಪ್ಯಾಡಿನ ಮುಚ್ಚಳ. ಮೇಲಿನ ಸ್ವರಕ್ಕೆ ಕೊಳವೆಯ ಮೇಲಿನ ತುಂಡು ಸಾಕು, ಅದರ ಕೆಳಗೆ ಏನು ಸೋರಿದರೂ ಸ್ವರಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಕೆಳಗಿನ ಬಿ-ಫ್ಲ್ಯಾಟ್‌ಗೆ ಮಾತ್ರ ಇಪ್ಪತ್ತಕ್ಕೂ ಹೆಚ್ಚು ಮುಚ್ಚಳಗಳು ಒಂದೂ ಬಿಡದೆ ಮುಚ್ಚಿರಬೇಕು. ನಡುವೆ ಎಲ್ಲಿ ಸೋರಿದರೂ ಏಟು ಬೀಳುವುದು ಆ ಸ್ವರಕ್ಕೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸ್ವರವನ್ನು ಮೇಲಿನ ಸ್ಥಾಯಿಗೆ ಹಾರಿಸಲೆಂದೇ ತಯಾರಕರು ಕೊಳವೆಯಲ್ಲಿ ಎರಡು ಪುಟ್ಟ ಆಕ್ಟೇವ್ ತೂತುಗಳನ್ನು ಇಟ್ಟಿರುತ್ತಾರೆ, ಒಂದು ನೆಕ್ (ಮೌತ್‌ಪೀಸ್ ಕೂರುವ, ಬಿಚ್ಚಬಹುದಾದ ಬಾಗಿದ ಕೊಳವೆ) ಮೇಲೆ, ಇನ್ನೊಂದು ಮೈ ಮೇಲೆ. ಬೆಂಕಿಕಡ್ಡಿಯ ದಪ್ಪದಷ್ಟಿರುವ ಆ ತೂತು ತೆರೆದರೆ ಇಡೀ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ಹಾಗಿರುವಾಗ ಮೇಲ್ಭಾಗದ ಯಾವುದೋ ಪ್ಯಾಡಿನ ಅಂಚಿನಲ್ಲಿ ಉಳಿದ ಕೂದಲೆಳೆಯ ಸಂದು ಕೂಡ ಆಕ್ಟೇವ್ ತೂತಿನ ಕೆಲಸವನ್ನೇ ಕರೆಯದೆ ಮಾಡುತ್ತದೆ. ಸ್ವರ ಕೆಳಗೆ ನಿಲ್ಲಲೋ ಮೇಲೆ ಹಾರಲೋ ಎಂದು ಹೊಯ್ದಾಡುತ್ತದೆ. ಆ ಹೊಯ್ದಾಟವೇ ನಮಗೆ ಕೇಳುವ ಗುಳುಗುಳು. ಇದು ತಿಳಿದ ಮೇಲೆ ನಾನು ಬೆಲ್ ಕಡೆಯಿಂದ ಹುಡುಕುವುದನ್ನು ಬಿಟ್ಟಿದ್ದೇನೆ. ಹುಡುಕಾಟ ಬಾಯಿಯ ಕಡೆಯಿಂದಲೇ ಶುರುವಾಗಬೇಕು.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು

ಮೊದಲು ರೀಡ್, ಅಂದರೆ ಊದಿದಾಗ ಅದುರಿ ಸ್ವರ ಹುಟ್ಟಿಸುವ ಮೌತ್‌ಪೀಸಿನ ತೆಳು ಪಟ್ಟಿ, ಬದಲಾಯಿಸಿ. ತುದಿ ಸೀಳಿದ ರೀಡ್, ಅಲೆ ಅಲೆಯಾಗಿ ಸೊಟ್ಟಗಾದ ರೀಡ್ ಕೆಳಸ್ವರವನ್ನು ಕೆಡಿಸುತ್ತವೆ. ಮೌತ್‌ಪೀಸನ್ನೂ ಬದಲಾಯಿಸಿ ಊದಿ ನೋಡಿ. ಅಂಗಡಿಯಲ್ಲಿ ಸರಿ ಇದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಮೌತ್‌ಪೀಸ್, ಒಂದು ರೀಡ್ ಇದಕ್ಕೆಂದೇ ಇರಬೇಕು. ಆಮೇಲೆ ಬೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಒರೆಸುವ ಬಟ್ಟೆ, ಮೌತ್‌ಪೀಸಿನ ಮುಚ್ಚಳ, ಒಮ್ಮೆ ಬಾಡಿದ ಸೇವಂತಿಗೆ ಹಾರದ ತುಂಡು, ಎಲ್ಲವೂ ನಮಗೆ ಬಾಗಿದ ಭಾಗದಲ್ಲಿ ಸಿಕ್ಕಿವೆ.

ನಂತರ ನೆಕ್. ನಾನು ಕಂಡ ಮಟ್ಟಿಗೆ ವಾದಕರ ಕೈಯಲ್ಲೇ ಹಾಳಾಗುವ ಭಾಗವೆಂದರೆ ಇದು. ನೆಕ್ ಕೂರಿಸುವಾಗ ಮೇಲಿನ ಆಕ್ಟೇವ್ ಕೀಯನ್ನು ಹಿಡಿದು ತಿರುಚಿದರೆ ಅದರ ಬಳೆ ಬಾಗುತ್ತದೆ, ಪುಟ್ಟ ಪ್ಯಾಡ್ ತೂತಿನಿಂದ ಎದ್ದು ನಿಲ್ಲುತ್ತದೆ. ಪರೀಕ್ಷೆ ಸುಲಭ. ಜಿ ಸ್ವರದ ಮೂರು ಬೆರಳು ಹಿಡಿದು ಹೆಬ್ಬೆರಳಿನ ಆಕ್ಟೇವ್ ಕೀಯನ್ನು ಪಟಪಟನೆ ಒತ್ತಿ ಬಿಡಿ. ನೆಕ್ ಮೇಲಿನ ಪ್ಯಾಡ್ ಅಲುಗಲೇಬಾರದು, ಮೈ ಮೇಲಿನದು ಮಾತ್ರ ತೆರೆಯಬೇಕು. ಈಗ ಆಕ್ಟೇವ್ ಕೀಯನ್ನು ಒತ್ತಿಕೊಂಡೇ ಮೂರನೆಯ ಬೆರಳೆತ್ತಿ ಎ ಸ್ವರಕ್ಕೆ ಬನ್ನಿ: ನೆಕ್ ಮೇಲಿನದು ತೆರೆಯಬೇಕು, ಮೈ ಮೇಲಿನದು ಮುಚ್ಚಬೇಕು. ಈ ಅದಲು ಬದಲು ಸರಿಯಾಗಿ ಆಗದಿದ್ದರೆ ಬಳೆಯನ್ನು ನೋಡಿ. ಸುಮ್ಮನಿರುವಾಗ ಬಳೆಗೂ ಅದನ್ನು ತಳ್ಳುವ ಕಡ್ಡಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಸಣ್ಣ ಸಂದು ಇರಬೇಕು. ಇಲ್ಲವಾದರೆ ಕಡ್ಡಿ ಬಳೆಯನ್ನು ಸದಾ ತಳ್ಳುತ್ತಲೇ ಇರುತ್ತದೆ.

ನೆಕ್ ಬಿಚ್ಚಿ, ಅಗಲದ ತುದಿಯನ್ನು ಅಂಗೈಯಿಂದ ಮುಚ್ಚಿ, ಕಾರ್ಕ್ ತುದಿಯಿಂದ ಗಾಳಿ ಹೀರಿ. ಸೋರಿಕೆ ಇಲ್ಲದ ನೆಕ್ ನಾಲಿಗೆಯನ್ನು ಹಿಡಿದುಕೊಂಡು ಒಂದಷ್ಟು ಹೊತ್ತು ಹಾಗೆಯೇ ನಿಲ್ಲುತ್ತದೆ. ಹಿಡಿತ ಕೂಡಲೇ ಬಿಟ್ಟುಹೋದರೆ ಪ್ಯಾಡ್, ಬೆಸುಗೆ, ಇವೆರಡರಲ್ಲಿ ಒಂದು ಸೋರುತ್ತಿದೆ. ಕಾರ್ಕ್ ಸವೆದು ಮೌತ್‌ಪೀಸ್ ಸಡಿಲವಾಗಿದ್ದರೂ ಗಾಳಿ ಅಲ್ಲಿಯೇ ಹೋಗುತ್ತದೆ. ನೆಕ್ ಮೈಗೆ ಕೂರುವ ಜಾಗದಲ್ಲಿ ತಿರುಪು ಬಿಗಿ ಮಾಡಿದ ಮೇಲೂ ಆಚೀಚೆ ಅಲುಗಾಡುವಂತಿದ್ದರೆ ಅದನ್ನು ಹಿಗ್ಗಿಸುವ ಉಪಕರಣವೇ ಬೇಕು. ನನಗೆ ಇನ್ನೂ ಆ ಕೆಲಸ ಕೊಟ್ಟಿಲ್ಲ, ಗುರುಗಳೇ ಮಾಡುತ್ತಾರೆ.

ಮೇಲಿನಿಂದ ಕೆಳಗೆ, ಮೃದುವಾಗಿ

ಈಗ ಊದುವ ಪರೀಕ್ಷೆ. ನಡುವಿನ ಬಿ ಸ್ವರದಿಂದ ಶುರು ಮಾಡಿ ಒಂದೊಂದೇ ಸ್ವರ ಕೆಳಗಿಳಿಯಿರಿ. ಜೋರಾಗಿ ಊದಿದರೆ ಉಸಿರಿನ ಬಲದಲ್ಲಿ ಸೋರಿಕೆ ಮರೆಯಾಗುತ್ತದೆ, ಹಾಗಾಗಿ ಆದಷ್ಟು ಮೆಲ್ಲಗೆ ಊದಿ. ಬೆರಳುಗಳೂ ಹಗುರವಾಗಿರಲಿ. ವರ್ಷಗಟ್ಟಲೆ ಸೋರುವ ವಾದ್ಯ ನುಡಿಸಿದವರು ತಮಗೇ ತಿಳಿಯದ ಹಾಗೆ ಕೀಗಳನ್ನು ಹಿಸುಕುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಅವರ ಕೈಯಲ್ಲಿ ನುಡಿಯುವ ವಾದ್ಯ ನಿಮ್ಮ ಕೈಯಲ್ಲಿ ನುಡಿಯದೆ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಒತ್ತಡ ಎಷ್ಟಿರಬೇಕೆಂದು ಕೇಳಿದಾಗ ಗುರುಗಳು ಹೇಳಿದ್ದು: ಮಲಗಿದ ಮಗುವಿನ ಹಣೆ ಮುಟ್ಟಿ ಜ್ವರ ನೋಡುವಷ್ಟು.

ಇಳಿಯುತ್ತ ಹೋದಂತೆ ಒಂದು ಸ್ವರದಲ್ಲಿ ನಾದ ಮಂಕಾಗುತ್ತದೆ, ಇಲ್ಲವೆ ಗಾಳಿಯ ಸಪ್ಪಳ ಬೆರೆಯುತ್ತದೆ. ಅಲ್ಲಿಯೇ ನಿಲ್ಲಿ. ಸೋರಿಕೆ ಆ ಸ್ವರಕ್ಕಾಗಿ ಹೊಸದಾಗಿ ಮುಚ್ಚಿದ ಪ್ಯಾಡಿನಲ್ಲಿದೆ, ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇದೆ. ಅಲ್ಲಿಂದ ಕೆಳಗೆ ಏನೇನು ಕೆಟ್ಟಿದೆ ಎಂದು ಈಗಲೇ ನೋಡುವುದು ಬೇಡ. ಮೊದಲ ಸೋರಿಕೆ ಮುಚ್ಚಿದ ಮೇಲೆ ಪುನಃ ಮೇಲಿನಿಂದ ಇಳಿಯಿರಿ. ಕೆಳಗೆ ಮೂರು ರೋಗ ಇವೆ ಎಂದುಕೊಂಡ ವಾದ್ಯದಲ್ಲಿ ಮೂರೂ ಒಂದೇ ತೂತಿನಿಂದ ಬಂದಿದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ.

ನಡುವಿನ ಬಿ ಸ್ವರವೇ ಮಂಕಾಗಿದ್ದರೆ? ಆಗ ಅಂಗೈಯಿಂದ ತೆರೆಯುವ ಮೂರು ಕೀಗಳನ್ನೂ ಬಲಗೈ ಪಕ್ಕದ ಕೀಗಳನ್ನೂ ನೋಡಬೇಕು. ಸದಾ ಮುಚ್ಚಿರುವ ಇವುಗಳನ್ನು ಪರೀಕ್ಷಿಸಲು ಯಾರಿಗೂ ನೆನಪಾಗುವುದಿಲ್ಲ. ಅಂಗೈ ಕೀಗಳ ತೂತಿಗೆ ಎಂಜಲಿನ ತೇವ ಹೆಚ್ಚು ತಾಗುವುದರಿಂದ ಚರ್ಮ ಮೊದಲು ಗಟ್ಟಿಯಾಗಿ ಬಿರುಕು ಬಿಡುವುದೂ ಅಲ್ಲಿಯೇ.

ಜಿ-ಶಾರ್ಪ್: ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು

ಕೆಳಗಿನ ಸಿ ಸ್ವಚ್ಛವಾಗಿ ಬಂದು ಬಿ ಮತ್ತು ಬಿ-ಫ್ಲ್ಯಾಟ್ ಮಾತ್ರ ಗುಳುಗುಟ್ಟುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಜಿ-ಶಾರ್ಪ್ ಪ್ಯಾಡನ್ನು. ಅದು ಇರುವುದು ವಾದ್ಯದ ನಡು ಮೈ ಮೇಲೆ, ಬೆಲ್‌ನಿಂದ ಎಷ್ಟೋ ದೂರದಲ್ಲಿ. ಇಷ್ಟು ದೂರದ ಎರಡು ಸಂಗತಿಗಳಿಗೆ ಸಂಬಂಧ ಹೇಗೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ನಿಧಾನವಾಗಿ ಹೇಳುತ್ತೇನೆ, ವಾದ್ಯವನ್ನು ಎದುರಿಗೆ ಇಟ್ಟುಕೊಂಡು ಓದಿ.

ಜಿ-ಶಾರ್ಪ್ ಪ್ಯಾಡಿಗೆ ಎರಡು ಸ್ಪ್ರಿಂಗ್‌ಗಳ ಜಗ್ಗಾಟವಿದೆ. ಪ್ಯಾಡಿನ ಸ್ವಂತ ಸ್ಪ್ರಿಂಗ್ ದುರ್ಬಲ. ಅದು ಪ್ಯಾಡನ್ನು ತೆರೆಯಲು ನೋಡುತ್ತದೆ. ಕಿರುಬೆರಳು ಒತ್ತುವ ಸನ್ನೆಕೋಲಿನ ಸ್ಪ್ರಿಂಗ್ ಬಲವಾದದ್ದು; ಅದು ಪ್ಯಾಡನ್ನು ಅದುಮಿ ಮುಚ್ಚಿರುತ್ತದೆ. ಕಿರುಬೆರಳು ಒತ್ತಿದಾಗ ಬಲವಾದದ್ದು ದೂರ ಸರಿಯುತ್ತದೆ, ದುರ್ಬಲವಾದದ್ದು ಪ್ಯಾಡನ್ನು ಎತ್ತುತ್ತದೆ. ಇನ್ನು ಎಡಗೈ ಕಿರುಬೆರಳಿನ ಮೇಜಿನಂಥ ಜಾಗದಲ್ಲಿ ಜಿ-ಶಾರ್ಪ್ ಜೊತೆಗೆ ಕೆಳಗಿನ ಸಿ-ಶಾರ್ಪ್, ಬಿ, ಬಿ-ಫ್ಲ್ಯಾಟ್ ಕೀಗಳೂ ಸೇರಿಕೊಂಡಿವೆ. ಇವುಗಳಲ್ಲಿ ಯಾವುದನ್ನು ಒತ್ತಿದರೂ ಜಿ-ಶಾರ್ಪ್ ಸನ್ನೆಯೂ ಜೊತೆಗೆ ಕೆಳಗೆ ಹೋಗುತ್ತದೆ. ಅಂದರೆ ಕೆಳಗಿನ ಬಿ ನುಡಿಸಲು ಹೋದ ಕೂಡಲೇ ಜಿ-ಶಾರ್ಪ್ ಪ್ಯಾಡಿನ ಕಾವಲು ತಪ್ಪುತ್ತದೆ. ಆಗ ಅದನ್ನು ಹಿಡಿದಿಡಲು ಬೇರೊಂದು ಏರ್ಪಾಡು ಇದೆ: ಬಲಗೈಯ ಎಫ್-ಶಾರ್ಪ್ ಕೀಯಿಂದ ಚಾಚಿಕೊಂಡ ಒಂದು ಪುಟ್ಟ ತೋಳು, ಅದರ ತುದಿಯಲ್ಲೊಂದು ತಿರುಪು. ಬಲಗೈಯ ಯಾವ ಬೆರಳು ಕೆಳಗಿದ್ದರೂ ಈ ತಿರುಪು ಜಿ-ಶಾರ್ಪ್ ಪ್ಯಾಡಿನ ಮೇಲೆ ಕುಳಿತು ಅದನ್ನು ಮುಚ್ಚಿರಬೇಕು.

ತಿರುಪಿನಡಿಯ ಕಾರ್ಕ್ ಕಾಗದದ ದಪ್ಪದಷ್ಟು ಸವೆದರೂ ತೋಳು ಪ್ಯಾಡನ್ನು ಪೂರ್ತಿ ಅದುಮುವುದಿಲ್ಲ. ಕೆಳಗಿನ ಸಿ ಸ್ವರಕ್ಕೆ ಕಿರುಬೆರಳಿನ ಆ ಮೇಜು ಬೇಡ, ಆದ್ದರಿಂದ ಅದು ಚೆನ್ನಾಗಿಯೇ ಬರುತ್ತದೆ. ಬಿ ಒತ್ತಿದ ಕ್ಷಣ ಜಿ-ಶಾರ್ಪ್ ಬಿರಿಯುತ್ತದೆ, ಸ್ವರ ಒಡೆಯುತ್ತದೆ. ವಿಟ್ಲದ ವಾದ್ಯದ ಕಥೆ ಇಷ್ಟೇ.

ಪರೀಕ್ಷೆಗೆ ಕೆಳಗಿನ ಡಿ ಹಿಡಿದು ಊದುತ್ತ ಜಿ-ಶಾರ್ಪ್ ಕೀಯನ್ನು ಒತ್ತಿ ಬಿಟ್ಟು ಮಾಡಿ. ಸ್ವರದಲ್ಲಿ ಏನೂ ಬದಲಾಗಬಾರದು. ಬದಲಾದರೆ ತಿರುಪನ್ನು ಬಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಒಂದೇ ಸಲಕ್ಕೆ ಬಿಗಿ ಮಾಡಿದರೆ ತಿರುಪು ಜಿ-ಶಾರ್ಪ್ ಮೇಲೆ ಮೊದಲೇ ಕುಳಿತು, ಎಫ್-ಶಾರ್ಪ್ ಪ್ಯಾಡ್ ತನ್ನ ತೂತನ್ನು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಎರಡು ಸ್ವರ ಸರಿ ಮಾಡಲು ಹೋಗಿ ಎಫ್‌ನಿಂದ ಕೆಳಗಿನ ಎಲ್ಲವನ್ನೂ ಕೆಡಿಸಿದಂತಾಗುತ್ತದೆ. ಅದೇ ತೋಳಿನ ಪಕ್ಕದಲ್ಲಿ ಎಡಗೈಯ ಸಣ್ಣ ಬಿ-ಫ್ಲ್ಯಾಟ್ ಪ್ಯಾಡಿನ ಮೇಲೆ ಕೂರುವ ಇನ್ನೊಂದು ತಿರುಪು ಇರುತ್ತದೆ. ಅದರ ಸ್ವಭಾವವೂ ಇದೇ.

ಇನ್ನೊಂದು ಸುಳಿವು. ಜಿ ಸ್ವರ ಹದಗೆಟ್ಟು ಅದರ ಕೆಳಗಿನ ಎಫ್ ಚೆನ್ನಾಗಿದ್ದರೆ ತಿರುಪನ್ನು ಮುಟ್ಟಬೇಡಿ. ಎಫ್ ಹಿಡಿದಾಗ ತೋಳು ಬಂದು ಸಹಾಯ ಮಾಡುತ್ತಿದೆ, ಜಿ ಹಿಡಿದಾಗ ಸನ್ನೆಯ ಸ್ಪ್ರಿಂಗ್ ಒಂದೇ ಪ್ಯಾಡನ್ನು ಹಿಡಿಯಬೇಕು; ಆ ಸ್ಪ್ರಿಂಗ್ ಸೋತಿದೆ ಎಂದು ಅರ್ಥ.

ದೀಪ ಮತ್ತು ಕ್ಯಾಸೆಟ್ ಟೇಪು

ಸೋರಿಕೆ ಯಾವ ಪ್ಯಾಡಿನಲ್ಲಿದೆ ಎಂದು ಕಿವಿ ಹೇಳಿದ ಮೇಲೆ ಪ್ಯಾಡಿನ ಯಾವ ಬದಿಯಲ್ಲಿದೆ ಎಂದು ಕಣ್ಣು, ಬೆರಳು ಹೇಳಬೇಕು. ಹಬ್ಬಕ್ಕೆ ಮನೆಗೆ ಕಟ್ಟುವ ಎಲ್‌ಇಡಿ ಸೀರಿಯಲ್ ಸೆಟ್‌ನಂಥ ತೆಳ್ಳಗಿನ ದೀಪದ ಸರವನ್ನು ಕತ್ತಲೆ ಕೋಣೆಯಲ್ಲಿ ವಾದ್ಯದ ಒಳಗೆ ಇಳಿಬಿಡುತ್ತೇವೆ. ಬ್ಯಾಟರಿಯಿಂದ ಉರಿಯುವುದನ್ನೇ ಬಳಸಿ, ಮನೆಯ ವಿದ್ಯುತ್ತಿಗೆ ನೇರ ಸಿಕ್ಕಿಸುವುದನ್ನು ಹಿತ್ತಾಳೆಯ ಕೊಳವೆಯೊಳಗೆ ಎಂದೂ ಬಿಡಬೇಡಿ. ಕೀಯನ್ನು ಹಗುರವಾಗಿ ಮುಚ್ಚಿ, ವಾದ್ಯವನ್ನು ಸುತ್ತ ತಿರುಗಿಸುತ್ತ ಪ್ಯಾಡಿನ ಅಂಚನ್ನು ನೋಡಿ. ಮುಚ್ಚುವ ಕೊನೆಯ ಗಳಿಗೆಯಲ್ಲಿ ಬೆಳಕಿನ ಉಂಗುರ ಸುತ್ತಲೂ ಒಮ್ಮೆಗೇ ಆರಬೇಕು. ಒಂದು ಕಡೆ ಆರಿ ಇನ್ನೊಂದು ಕಡೆ ಅಮಾವಾಸ್ಯೆ ಕಳೆದ ಚಂದ್ರನ ಹಾಗೆ ಗೆರೆ ಉಳಿದರೆ ಸೋರಿಕೆ ಅಲ್ಲಿದೆ.

ದೀಪವನ್ನೇ ಪೂರ್ತಿ ನಂಬಬೇಡಿ. ಚರ್ಮ ಒಳಗೆ ಮಡಚಿದ ಕಡೆ ಬೆಳಕು ಕಾಣದೆ ಗಾಳಿ ಮಾತ್ರ ಹೋಗುವುದುಂಟು. ಅದಕ್ಕೆ ನಮ್ಮಲ್ಲಿ ಬಳಸುವುದು ಹಳೆಯ ಕ್ಯಾಸೆಟ್ಟಿನ ಟೇಪು. ಸಿ-90 ಕ್ಯಾಸೆಟ್ಟಿನ ಟೇಪು ಸುಮಾರು 12 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಗುರುಗಳ ಮೇಜಿನ ಡ್ರಾಯರಿನಲ್ಲಿ ತುಂಡಾದ ಯಕ್ಷಗಾನದ ಕ್ಯಾಸೆಟ್ಟುಗಳು ಇದಕ್ಕೆಂದೇ ಇವೆ. ಬೆರಳುದ್ದ ಕತ್ತರಿಸಿ, ತುದಿಯನ್ನು ಚೂಪು ಮಾಡಿ, ಪ್ಯಾಡಿನಡಿಗೆ ತೂರಿಸಿ, ಕೀಯನ್ನು ಹಗುರವಾಗಿ ಒತ್ತಿ, ಟೇಪನ್ನು ಎಳೆಯಿರಿ. ಪ್ಯಾಡ್ ಕೂತಲ್ಲಿ ಟೇಪು ಯಾರೋ ಇನ್ನೊಂದು ತುದಿ ಹಿಡಿದುಕೊಂಡ ಹಾಗೆ ತಡೆಯುತ್ತದೆ. ಸೋರುವಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಸುತ್ತ ಎಂಟು ಕಡೆ ಎಳೆದು ನೋಡಿದರೆ ಪ್ಯಾಡ್ ಯಾವ ಕಡೆಗೆ ವಾಲಿದೆ ಎಂಬ ನಕ್ಷೆಯೇ ಬೆರಳಿಗೆ ಸಿಗುತ್ತದೆ. ಟೇಪಿಲ್ಲದಿದ್ದರೆ ಸಿಗರೇಟು ಸುತ್ತುವ ಕಾಗದ ಆದೀತು, ಆದರೆ ಅದು ಟೇಪಿಗಿಂತ ದಪ್ಪ.

ಬಲಗೈಯ ಎಫ್, ಇ, ಡಿ ಕೀಗಳಲ್ಲಿ ಯಾವುದನ್ನು ಒತ್ತಿದರೂ ಅದರ ಜೊತೆಗೆ ಎಫ್-ಶಾರ್ಪ್ ಪ್ಯಾಡ್ ಮುಚ್ಚಲೇಬೇಕು. ಎರಡೂ ಪ್ಯಾಡಿನಡಿ ಒಂದೊಂದು ಟೇಪು ಇಟ್ಟು ಒಟ್ಟಿಗೆ ಎಳೆಯಿರಿ, ಎರಡರ ತಡೆ ಸಮವಾಗಿರಬೇಕು. ಇದನ್ನು ಮೂರು ಕೀಗಳಿಗೂ ಬೇರೆ ಬೇರೆಯಾಗಿ ಮಾಡಿ. ಎಫ್ ಒತ್ತಿದಾಗ ಸರಿ ಇದ್ದು ಡಿ ಒತ್ತಿದಾಗ ಎಫ್-ಶಾರ್ಪ್ ಸಡಿಲವಾದರೆ ದೋಷ ಪ್ಯಾಡಿನದಲ್ಲ, ಎರಡು ಕೀಗಳ ನಡುವಿನ ಕಾರ್ಕ್ ಉದುರಿದೆ. ನೂರು ರೂಪಾಯಿಯ ಪ್ಯಾಡಿಗೆ ಕೈ ಹಾಕುವ ಮೊದಲು ಈ ಕಾರ್ಕಿನ ಚೂರನ್ನು ಹುಡುಕಿ.

ಪ್ಯಾಡ್ ಬದಲಿಸುವ ಮುನ್ನ

ಹಳೆಯ ಪ್ಯಾಡ್ ಒಂದೇ ಬದಿಗೆ ವಾಲಿದ್ದು, ಚರ್ಮ ಇನ್ನೂ ಮೆತ್ತಗಿದ್ದರೆ ಬದಲಾಯಿಸುವುದು ಬೇಡ. ಪ್ಯಾಡ್ ಕೀಯ ಬಟ್ಟಲಿನೊಳಗೆ ಅರಗಿನ ಮೇಲೆ ಕುಳಿತಿರುತ್ತದೆ. ಬಟ್ಟಲಿನ ಬೆನ್ನಿಗೆ ಸಣ್ಣ ಜ್ವಾಲೆಯನ್ನು ಆಡಿಸುತ್ತ ಹಿಡಿದರೆ ಅರಗು ಮೆತ್ತಗಾಗುತ್ತದೆ. ತೆಳು ತಗಡನ್ನು ಅಡಿಗೆ ಜಾರಿಸಿ ಪ್ಯಾಡನ್ನು ತೂತಿಗೆ ಸಮವಾಗಿ ಕೂರಿಸಿ, ತಣಿಯುವವರೆಗೆ ಅಲುಗಿಸದೆ ಮುಚ್ಚಿಡಬೇಕು. ಜ್ವಾಲೆ ಒಂದೇ ಕಡೆ ನಿಂತರೆ ಮೇಲಿನ ಲ್ಯಾಕರ್ ಸುಟ್ಟು ಕಪ್ಪಾಗುತ್ತದೆ, ಪಕ್ಕದ ಪ್ಯಾಡಿನ ಚರ್ಮ ಸುಕ್ಕುಗಟ್ಟುತ್ತದೆ. ಮುತ್ತಿನ ಗುಂಡಿಗಳ ಹತ್ತಿರ ಇನ್ನೂ ಎಚ್ಚರ ಬೇಕು. ನಾನು ಮೂರು ತಿಂಗಳು ಬಿಸಾಡಿದ ಕೀಗಳ ಮೇಲೆ ಅಭ್ಯಾಸ ಮಾಡಿದ ನಂತರವೇ ಬೇರೆಯವರ ವಾದ್ಯಕ್ಕೆ ಬೆಂಕಿ ತೋರಿಸಿದ್ದು.

ಚರ್ಮ ಬಿರುಕು ಬಿಟ್ಟಿದ್ದರೆ, ತೂತಿನ ಗುರುತು ಆಳವಾಗಿ ಕೊರೆದುಹೋಗಿದ್ದರೆ, ಬೂಷ್ಟು ಹಿಡಿದು ಒಳಗಿನ ಉಣ್ಣೆ ಊದಿದ್ದರೆ ಹೊಸ ಪ್ಯಾಡ್ ಹಾಕಲೇಬೇಕು. ಇನ್ನು ತೂತಿನ ಅಂಚೇ ಏರುಪೇರಾಗಿದ್ದರೆ ಅರ ಹಾಕಿ ಉಜ್ಜುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಅಲ್ಲಿ ಹೋದ ಹಿತ್ತಾಳೆ ತಿರುಗಿ ಬರುವುದಿಲ್ಲ. ಹೆಚ್ಚಿನ ಸಲ ಒಳಗಿನಿಂದ ಎತ್ತಿ ಸರಿ ಮಾಡಬಹುದಾದ ತಗ್ಗು ಅದು.

ಬಿದ್ದ ವಾದ್ಯದ ಲಕ್ಷಣ ಬೇರೆ. ಬೆಲ್ ನೆಲಕ್ಕೆ ಬಡಿದು ಮೈ ಕಡೆಗೆ ಸರಿದಿದ್ದರೆ ಅದರ ಮೇಲಿನ ಬಿ, ಬಿ-ಫ್ಲ್ಯಾಟ್ ಕೀಗಳ ಕಡ್ಡಿ ಸೊಟ್ಟಗಾಗಿ ಎರಡೂ ಪ್ಯಾಡ್‌ಗಳು ಒಂದೇ ಬದಿಯಲ್ಲಿ ಸೋರುತ್ತವೆ. ಎರಡು ಪಕ್ಕದ ಪ್ಯಾಡ್‌ಗಳಲ್ಲಿ ಒಂದೇ ದಿಕ್ಕಿನ ಸೋರಿಕೆ ಕಂಡರೆ ಪ್ಯಾಡನ್ನು ಬಿಟ್ಟು ವಾದ್ಯದ ಮೈಯನ್ನು ನೋಡಿ, ವಾದಕರನ್ನು ಮೆಲ್ಲಗೆ ವಿಚಾರಿಸಿ. ವ್ಯಾನಿನಿಂದ ಇಳಿಸುವಾಗ ಬಿದ್ದದ್ದನ್ನು ಹೇಳಲು ಅವರಿಗೆ ಸಂಕೋಚವಿರುತ್ತದೆ.

ಸೋರಿಕೆಯಂತೆ ಕಾಣುವ ಬೇರೆ ರೋಗಗಳು

ಕೀ ನಿಧಾನವಾಗಿ ಏಳುತ್ತಿದ್ದರೆ ಎಲ್ಲರೂ ಸ್ಪ್ರಿಂಗ್ ಬಗ್ಗಿಸಲು ಹೋಗುತ್ತಾರೆ. ಅದಕ್ಕಿಂತ ಮೊದಲು ಕ್ರೋಶಾ ಕಡ್ಡಿಯಿಂದ ಸೂಜಿ ಸ್ಪ್ರಿಂಗನ್ನು ಅದರ ಗೂಟದಿಂದ ಬಿಡಿಸಿ, ಕೀಯನ್ನು ಬೆರಳಿನಿಂದ ಎತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ಬಿದ್ದರೆ ಕೀ ಆರೋಗ್ಯವಾಗಿದೆ, ಸ್ಪ್ರಿಂಗ್ ದುರ್ಬಲ. ನಡುವೆ ತಡವರಿಸಿದರೆ ಕಡ್ಡಿ ಬಾಗಿದೆ ಅಥವಾ ಒಳಗೆ ಎಣ್ಣೆ ಗಟ್ಟಿಯಾಗಿದೆ. ಕಡಲ ತೀರದ ಉಪ್ಪು ಗಾಳಿಗೆ ಈ ಉಕ್ಕಿನ ಸೂಜಿಗಳು ಬುಡದಲ್ಲೇ ತುಕ್ಕು ಹಿಡಿಯುತ್ತವೆ. ನೀಲಿ ಬಣ್ಣ ಹೋಗಿ ಕಂದು ಚುಕ್ಕಿ ಕಂಡ ಸ್ಪ್ರಿಂಗನ್ನು ಮುಂದಿನ ಜಾತ್ರೆಯವರೆಗೆ ನಂಬಬೇಡಿ.

ಎಣ್ಣೆಯ ವಿಷಯದಲ್ಲಿ ನನಗೊಂದು ಬಿನ್ನಹವಿದೆ. ಮನೆಯಲ್ಲಿರುವ ತೆಂಗಿನೆಣ್ಣೆಯನ್ನು ಕೀಗಳಿಗೆ ಬಿಡಬೇಡಿ. ಒಮ್ಮೆ ಬಂದ ದೂರು ವಿಚಿತ್ರವಾಗಿತ್ತು: ವಾದ್ಯ ಮನೆಯಲ್ಲಿಯೂ ಗದ್ದೆಯ ಚಪ್ಪರದಲ್ಲಿಯೂ ಸರಿಯಾಗಿ ನುಡಿಯುತ್ತದೆ, ಎಸಿ ಇರುವ ಸಭಾಭವನದಲ್ಲಿ ಮಾತ್ರ ಕೀಗಳು ಏಳುವುದಿಲ್ಲ. ನಾವು ಎರಡು ದಿನ ನೋಡಿದರೂ ಅಂಗಡಿಯಲ್ಲಿ ದೋಷವೇ ಕಾಣಲಿಲ್ಲ. ಕೊನೆಗೆ ಒಂದು ಕಡ್ಡಿಯನ್ನು ಹೊರಗೆಳೆದಾಗ ಬಂದ ವಾಸನೆಯಿಂದಲೇ ತಿಳಿಯಿತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕರಾವಳಿಯ ಸೆಕೆಯಲ್ಲಿ ನೀರಾಗಿದ್ದದ್ದು ಎಸಿ ಗಾಳಿಗೆ ತುಪ್ಪದಂತೆ ಗಟ್ಟಿಯಾಗಿತ್ತು. ಎಲ್ಲ ಕಡ್ಡಿಗಳನ್ನೂ ತೊಳೆದು, ಒರೆಸಿ, ಕೀಗಳಿಗೆಂದೇ ಸಿಗುವ ತೆಳು ಎಣ್ಣೆಯನ್ನು ಸೂಜಿ ತುದಿಯಿಂದ ಒಂದೊಂದು ಹನಿ ಬಿಟ್ಟೆವು.

ಜಿ-ಶಾರ್ಪ್ ಒತ್ತಿದರೂ ತೆರೆಯುವುದಿಲ್ಲ ಎಂಬ ದೂರು ಬಂದರೆ ಪ್ಯಾಡ್ ತೂತಿಗೆ ಅಂಟಿಕೊಂಡಿದೆ. ಅದನ್ನು ಎತ್ತುವ ಸ್ಪ್ರಿಂಗ್ ದುರ್ಬಲ ಎಂದು ಮೊದಲೇ ಹೇಳಿದೆನಲ್ಲ. ಸಿಹಿ ಚಹಾ, ಪಾನಕ ಕುಡಿದು ಬಾಯಿ ತೊಳೆಯದೆ ಊದಿದರೆ ಸಕ್ಕರೆ ಅಲ್ಲಿ ಹೋಗಿ ಕೂರುತ್ತದೆ. ತೂತಿನ ಅಂಚನ್ನೂ ಪ್ಯಾಡನ್ನೂ ತುಸುವೇ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು. ಪೌಡರ್ ಹಾಕಿದರೆ ಆ ಹೊತ್ತಿಗೆ ಬಿಡುತ್ತದೆ, ತೇವ ಸೇರಿದ ಮೇಲೆ ಹಿಟ್ಟಿನ ಅಂಟಾಗುತ್ತದೆ.

ಬ್ಯಾಂಡ್ ಸೆಟ್‌ನವರು ಇದರ ಜೊತೆಗೆ ಟ್ರಂಪೆಟ್ ತಂದು "ಎಣ್ಣೆ ಹಾಕಿದ ಮೇಲೆ ಗಾಳಿಯೇ ಹೋಗುತ್ತಿಲ್ಲ" ಎಂದರೆ ಯಾವ ಉಪಕರಣವೂ ಬೇಡ. ಮೂರು ವಾಲ್ವ್‌ಗಳ ಮೇಲೆ 1, 2, 3 ಎಂದು ಅಂಕಿ ಕೊರೆದಿರುತ್ತದೆ. ತೊಳೆದು ಹಾಕುವಾಗ ಅದಲು ಬದಲಾಗಿರುತ್ತವೆ, ಇಲ್ಲವೆ ಒಂದು ತಿರುಗಿ ಕುಳಿತಿರುತ್ತದೆ. ತೆಗೆದು ಅಂಕಿಯ ಪ್ರಕಾರ ಹಾಕಿ, ಒಳಗಿನ ತಡೆ ಕಚ್ಚಿಕೊಳ್ಳುವವರೆಗೆ ತಿರುಗಿಸಿ.

ವಾಪಸು ಕೊಡುವ ಮೊದಲು

ದುರಸ್ತಿಯಾದ ಸ್ಯಾಕ್ಸೋಫೋನನ್ನು ಒಂದು ರಾತ್ರಿ ಹಾಗೆಯೇ ಇಟ್ಟು ಬೆಳಿಗ್ಗೆ ಪುನಃ ಊದುತ್ತೇವೆ. ಮಳೆಗಾಲದಲ್ಲಿ ಹೊಸ ಪ್ಯಾಡ್ ಒಂದೇ ರಾತ್ರಿಯಲ್ಲಿ ತೇವ ಎಳೆದುಕೊಂಡು ದಪ್ಪವಾಗುತ್ತದೆ. ನಿನ್ನೆ ಸಮವಾಗಿದ್ದ ಎಫ್ ಮತ್ತು ಎಫ್-ಶಾರ್ಪ್ ಇಂದು ಬೇರೆಯಾಗಿರುತ್ತವೆ. ಆಗ ಟೇಪಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ತಿರುಪನ್ನು ಕೂದಲಿನಷ್ಟು ತಿರುಗಿಸಿ, ಅದರ ತಲೆಗೆ ಉಗುರು ಬಣ್ಣದ ಒಂದು ಚುಕ್ಕಿ ಇಡುತ್ತೇನೆ. ಮೆರವಣಿಗೆಯ ಅದುರಾಟಕ್ಕೆ ಅದು ತಾನಾಗಿ ಸಡಿಲವಾಗುವುದಿಲ್ಲ. ಸಡಿಲವಾದರೂ ಚುಕ್ಕಿ ಒಡೆದದ್ದು ಮುಂದಿನ ಸಲ ಕಣ್ಣಿಗೆ ಕಾಣುತ್ತದೆ.

ವಿಟ್ಲದವರ ವಾದ್ಯದಲ್ಲೂ ಆ ಚುಕ್ಕಿ ಇದೆ, ಕೆಂಪು ಬಣ್ಣದ್ದು. ಈ ವರ್ಷ ಅವರು ಪತ್ತನಾಜೆಗೆ ಮೊದಲೇ ಬಂದಿದ್ದರು, ಮಗಳ ವಾದ್ಯವನ್ನು ತೋರಿಸಲು. ತಮ್ಮದನ್ನೂ ಜೊತೆಗೆ ತಂದಿದ್ದರು. ನಾನು ಕೆಳಗಿನ ಡಿ ಹಿಡಿದು, ಮೆಲ್ಲಗೆ ಊದಿ, ಜಿ-ಶಾರ್ಪ್ ಒತ್ತಿದೆ. ಸ್ವರ ಅಲುಗಲಿಲ್ಲ. ಚುಕ್ಕಿಯೂ ಒಡೆದಿರಲಿಲ್ಲ. ಅದನ್ನು ಪೆಟ್ಟಿಗೆಗೆ ಹಾಕಿ ಪಕ್ಕಕ್ಕಿಟ್ಟು, ಮಗಳ ವಾದ್ಯದ ನೆಕ್ ಬಿಚ್ಚಿದೆ.